ಹುಣಸೆ ಬೀಜ ಕೈಗೆ ಕೊಡಿ, ಆಮೇಲೆ ಸುಮ್ನಿರಿ

ಕೇಳ್ತಿರೋ ಎಲ್ರಿಗೂ ನಮಸ್ಕಾರ. ಏಪ್ರಿಲ್ ಬಂತು, ಪರೀಕ್ಷೆ ಮುಗೀತು, ಮನೆ ತುಂಬ ಮಕ್ಳು. ರಜದ ಬಗ್ಗೆ, ಮಕ್ಳ ಕಲಿಕೆ ಸಾಮಾನಿನ ಬಗ್ಗೆ ಸ್ವಲ್ಪ ಮಾತಾಡಿ ಅಂತ ರೇಡಿಯೋದವ್ರು ಕರೆದ್ರು, ಖುಷಿಯಿಂದ ಬಂದೆ. ನಾನು 11 ವರ್ಷ ಶಾಲೇಲಿ ಗಣಿತ ಹೇಳ್ಕೊಟ್ಟಿದೀನಿ. ಅದಾದ್ಮೇಲೆ ಈಗ 7 ವರ್ಷದಿಂದ ನಮ್ಮಿಬ್ರು ಮಕ್ಳಿಗೂ ಮನೇಲೇ ಕಲಿಕೆ, ದೊಡ್ಡವಳಿಗೆ 12, ಚಿಕ್ಕವನಿಗೆ 8. ಮೈಸೂರಲ್ಲಿದೀವಿ.

ಎಲ್ರೂ ಮೊದ್ಲು ಕೇಳೋದು ಒಂದೇ ಪ್ರಶ್ನೆ, ಮನೇಲೇ ಓದೋ ಮಕ್ಳಿಗೆ ರಜ ಅಂತ ಇರುತ್ತಾ ಅಂತ. ಇರುತ್ತೆ. ನಮ್ಮ ಬೀದಿ ಮಕ್ಳಿಗೆ ಯಾವಾಗ ರಜವೋ ನಮ್ಮೋರಿಗೂ ಆಗ್ಲೇ ರಜ, ಯಾಕಂದ್ರೆ ಆಡೋಕೆ ಜೊತೆ ಬೇಕಲ್ವಾ, ದಸರಾ ರಜದಲ್ಲಿ ಬೀದಿಯೆಲ್ಲಾ ಒಂದೇ ಕಡೆ ಇರೋವಾಗ ನಮ್ಮ ಮಕ್ಳನ್ನ ಮಾತ್ರ ಒಳಗೆ ಕೂರ್ಸಿ ಲೆಕ್ಕ ಮಾಡು ಅಂದ್ರೆ ಅದು ಯಾವ ನ್ಯಾಯ. ಮ್ಯೂಸಿಯಂ, ತಾರಾಲಯ ಇಂಥದ್ದನ್ನ ಮಾತ್ರ ನಾವು ರಜದಲ್ಲಿ ನೋಡೋಕ್ ಹೋಗಲ್ಲ. ಬೆಂಗಳೂರಿನ ಕಸ್ತೂರಬಾ ರೋಡ್‌ನಲ್ಲಿರೋ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಜುಲೈನಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಹೋಗಿ ನೋಡಿ, ಒಂದೇ ಯಂತ್ರದ ಹಿಡಿಯನ್ನ ಮಗು ಇಪ್ಪತ್ತು ಸಲ ತಿರುಗಿಸ್ಬೋದು, ಹಿಂದೆ ನಿಂತು ಬೇಗ ಬೇಗ ಅನ್ನೋರು ಯಾರೂ ಇರಲ್ಲ.

ಎರಡನೇ ಪ್ರಶ್ನೆ ಫೋನಲ್ಲಿ ಬರುತ್ತೆ. ಮೇಡಂ, ರಜಕ್ಕೆ ಯಾವ ಕಿಟ್ ತಗೋಬೇಕು, ಯಾವ ಆ್ಯಪ್ ಹಾಕೋಬೇಕು, ದಿನಕ್ಕೆ ಎಷ್ಟು ವರ್ಕ್‌ಶೀಟ್ ಮಾಡಿಸ್ಬೇಕು. ಇದಕ್ಕೆ ನನ್ನ ಉತ್ತರ ಏಳು ವರ್ಷದಿಂದ ಒಂದೇ, ಇವತ್ತೂ ಅದನ್ನೇ ಹೇಳೋಕ್ ಬಂದಿರೋದು. ವಸ್ತು ಮಗು ಕೈಗೆ ಕೊಡಿ, ನೀವು ಪಕ್ಕದಲ್ಲಿ ಸುಮ್ನೆ ಕೂತ್ಕೊಳ್ಳಿ. ಇಷ್ಟೇ. ಯಾವ ಕಿಟ್ ಅನ್ನೋದು ಆಮೇಲಿನ ಮಾತು. ಸುಮ್ನೆ ಕೂರೋಕೆ ನಿಮಗೆ ಬರ್ದೇ ಇದ್ರೆ ಎಂಥ ಒಳ್ಳೇ ಸಾಮಾನು ತಂದ್ರೂ ಅದು ನಿಮ್ಮ ಪಾಠ ಆಗುತ್ತೆ, ಮಗು ಆಟ ಆಗಲ್ಲ.

ಇದು ನನಗೆ ಹೇಗೆ ಗೊತ್ತಾಯ್ತು ಅಂತ ಹೇಳ್ತೀನಿ, ಸ್ವಲ್ಪ ಉದ್ದ ಇದೆ, ಕೇಳಿ.

ಮೂರು ವರ್ಷದ ಹಿಂದೆ, ಬೇಸಿಗೆ ರಜಕ್ಕೆ ತಿಪಟೂರು ಹತ್ರ ನನ್ನ ತವರಿಗೆ ಹೋಗಿದ್ವಿ. ಮಗಳಿಗೆ ಆಗ 9, ಮಗನಿಗೆ 5. ಒಂದು ಬ್ಯಾಗ್ ತುಂಬ ಸಾಮಾನು ತಗೊಂಡಿದ್ದೆ, ಭಿನ್ನರಾಶಿಗೆ ಅಂತ ಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳು, ಬಲ್ಬ್ ಹತ್ತಿಸೋ ಎಲೆಕ್ಟ್ರಾನಿಕ್ಸ್ ಕಿಟ್ಟು, ಕನ್ನಡ ಪದಗಳ ಫ್ಲ್ಯಾಶ್ ಕಾರ್ಡು, ಎಲ್ಲಾ ಸೇರಿ 2,300 ರೂಪಾಯಿ ಆಗಿತ್ತು. ಮೊದಲ್ನೇ ದಿನ ಬಿಲ್ಲೆ ಜೋಡಿಸಿದ್ರು, ಎರಡನೇ ದಿನ ಅದೇ ಬಿಲ್ಲೇನ ತಟ್ಟೆ ಮಾಡ್ಕೊಂಡು ಅಡುಗೆ ಆಟ ಆಡಿದ್ರು, ಮೂರನೇ ದಿನ ಬ್ಯಾಗ್ ಮಂಚದ ಕೆಳಗೆ ಹೋಯ್ತು. ಆವತ್ತು ಸಾಯಂಕಾಲ ಜೋರು ಗಾಳಿ ಮಳೆ, ಕರೆಂಟ್ ಹೋಯ್ತು. ನಮ್ಮಮ್ಮ ಜಗಲಿ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೀತಿದ್ರು, ಪಕ್ಕದಲ್ಲಿ ಮೊರದ ತುಂಬ ಬೀಜ. ಮಕ್ಳು ಬೇಜಾರು ಬೇಜಾರು ಅಂತ ಅವರ ಬೆನ್ನ ಮೇಲೆ ಬೀಳ್ತಿದ್ವು. ಅಮ್ಮ ಏನೂ ಹೇಳ್ಲಿಲ್ಲ, ಸೀಮೆಸುಣ್ಣ ತಗೊಂಡು ಜಗಲಿ ಮೇಲೆ ಐದೈದು ಮನೆ, ಒಟ್ಟು 25 ಮನೆ ಗೀಚಿದ್ರು. ಚೌಕಾಬಾರ. ಕವಡೆ ಇರ್ಲಿಲ್ಲ, ನಾಲ್ಕು ದಪ್ಪ ಬೀಜ ಆರಿಸ್ಕೊಟ್ಟು ಒಂದೊಂದು ಪಕ್ಕ ಬೆಳ್ಳಗಾಗೋ ತನಕ ತೇಯಿರಿ ಅಂದ್ರು.

ಬಟ್ಟೆ ಒಗೆಯೋ ಕಲ್ಲಿನ ಮೇಲೆ ಇಬ್ರೂ ಕೂತು ತೇಯ್ದ್ರು. ಮೊದ್ಲು ಕಂದು ಸಿಪ್ಪೆ ಪುಡಿ ಪುಡಿಯಾಗಿ ಉದುರುತ್ತೆ, ಆಮೇಲೆ ಒಂದು ಸಣ್ಣ ಬಿಳಿ ಚುಕ್ಕೆ ಕಾಣುತ್ತೆ, ಆ ಚುಕ್ಕೆ ಹಿಗ್ಗಿ ಹಿಗ್ಗಿ ಇಡೀ ಪಕ್ಕ ದಂತದ ಬಣ್ಣ ಬರುತ್ತೆ, ಅಷ್ಟು ಹೊತ್ತಿಗೆ ಬೀಜ ಹಿಡಿಯೋಕಾಗದಷ್ಟು ಬಿಸಿ. ಚಿಕ್ಕವನು ಅದನ್ನ ಅಕ್ಕನ ಕೈಗೆ ಚುರುಕ್ ಅಂತ ಮುಟ್ಟಿಸಿದ, ಅವಳು ಕಿರುಚಿದ್ಲು, ನಾವೆಲ್ಲಾ ಚಿಕ್ಕವ್ರಾಗಿದ್ದಾಗ ಮಾಡಿರೋದೇ. ಘರ್ಷಣೆಯಿಂದ ಶಾಖ ಹುಟ್ಟುತ್ತೆ ಅನ್ನೋ ಪಾಠ ಅಲ್ಲೇ ಆಗೋಯ್ತು, ಯಾರೂ ಹೇಳ್ಕೊಡ್ಲಿಲ್ಲ.

ಆಟ ಗೊತ್ತಿಲ್ಲದೋರಿಗೆ ಒಂದ್ಮಾತು. ನಾಲ್ಕು ಬೀಜ ಎಸೀಬೇಕು, ಎಷ್ಟು ಬಿಳಿ ಮೇಲಾಗಿ ಬಿತ್ತೋ ಅಷ್ಟು ಮನೆ ನಡೆಸ್ಬೇಕು. ನಾಲ್ಕೂ ಬಿಳಿ ಬಿದ್ರೆ ಚೌಕ, ನಾಲ್ಕು. ನಾಲ್ಕೂ ಕಪ್ಪು ಬಿದ್ರೆ ಬಾರ, ಅದಕ್ಕೆ ಎಂಟು. ಎರಡಕ್ಕೂ ಇನ್ನೊಂದ್ಸಲ ಎಸೆಯೋಕೆ ಸಿಗುತ್ತೆ. ಕಾಯಿಗಳಿಗೆ ಅಮ್ಮ ಒಡೆದ ಬಳೆ ಚೂರು ಕೊಟ್ಟಿದ್ರು, ಹಸಿರು ಒಬ್ರಿಗೆ ಕೆಂಪು ಒಬ್ರಿಗೆ.

ಎರಡು ದಿನ ಆಡಿದ್ಮೇಲೆ ಮಗಳು ಜಗಳ ತೆಗೆದ್ಲು. ಅಜ್ಜಿ ಮೋಸ ಮಾಡ್ತಾರೆ, ಅವರಿಗೇ ಯಾವಾಗ್ಲೂ ಚೌಕ ಬೀಳುತ್ತೆ, ನಂಗೆ ಬರೀ ಎರಡು ಎರಡು ಎರಡು. ಅಮ್ಮ ನಗ್ತಾ, ಹಂಗಾದ್ರೆ ಎಸ್ದು ಎಸ್ದು ಬರ್ಕೊಂಡು ನೋಡು ಪುಟ್ಟಿ ಅಂದ್ರು. ಹಳೇ ಕ್ಯಾಲೆಂಡರ್ ಹಾಳೆ ಹಿಂಭಾಗದಲ್ಲಿ ಅವಳು 100 ಸಲ ಎಸ್ದು ಗೀಟು ಹಾಕಿದ್ಲು, ಆ ಹಾಳೆ ಈಗ್ಲೂ ನನ್ ಹತ್ರ ಇದೆ. ಒಂದು 22 ಸಲ, ಎರಡು 35 ಸಲ, ಮೂರು 29, ಚೌಕ 10, ಬಾರ 4. ಅಮ್ಮಾ, ಎರಡೇ ಯಾಕೆ ಇಷ್ಟೊಂದ್ಸಲ ಬೀಳುತ್ತೆ, ಬಾರ ಯಾಕೆ ಬೀಳಲ್ಲ ಅಂತ ನನ್ನ ಕೇಳಿದ್ಲು.

ನಾನು ಗಣಿತದ ಮೇಷ್ಟ್ರು, ಪೆನ್ನು ಹಿಡ್ಕೊಂಡು ಎದ್ದೇಬಿಟ್ಟೆ. ನಮ್ಮಮ್ಮ ಅಂದ್ರು, ಏ, ನೀನ್ ಸುಮ್ನೆ ಕೂತ್ಕೊಳೇ, ಅವ್ಳೇ ನೋಡ್ಕೋತಾಳೆ. ಏಳನೇ ಕ್ಲಾಸಿನ ತನಕ ಓದಿರೋ ನಮ್ಮಮ್ಮ ನನಗೆ ಹೇಳಿದ ಮಾತು ಅದು, ನಾನು ಕೂತೆ.

ನಾಲ್ಕು ದಿನ ಬೇಕಾಯ್ತು. ಮೊದ್ಲು ಅವಳು ಬರ್ದಿದ್ದು ಐದೇ ಥರ, ಸೊನ್ನೆ ಬಿಳಿ, ಒಂದು, ಎರಡು, ಮೂರು, ನಾಲ್ಕು, ಐದು ಥರ ಇದ್ಮೇಲೆ ಐದೂ ಸಮ ಸಮ ಬೀಳ್ಬೇಕಲ್ಲ ಅಂತ ಅವಳ ವಾದ. ನನ್ನ ನಾಲಿಗೆ ತುರಿಸ್ತಿತ್ತು, ಆದ್ರೂ ಸುಮ್ನಿದ್ದೆ. ಮೂರನೇ ದಿನ ಚಿಕ್ಕವನು ಒಂದು ಬೀಜ ನನ್ದು ಅಂತ ಅದರ ಬಿಳಿ ಪಕ್ಕಕ್ಕೆ ಕುಂಕುಮ ಹಚ್ಚಿದ. ಹಾಗಾದ್ರೆ ಇದು ನನ್ದು ಅಂತ ಅವಳು ಇನ್ನೊಂದಕ್ಕೆ ಅರಿಶಿನ ಹಚ್ಚಿದ್ಲು, ಅಜ್ಜಿದಕ್ಕೆ ಒಲೆ ಮಸಿ ಒಂದು ಚುಕ್ಕೆ, ನಾಲ್ಕನೇದು ಹಾಗೇ ಉಳೀತು. ಆಮೇಲೆ ಎಸೆದಾಗ ಎರಡು ಬಿತ್ತು, ಕುಂಕುಮ ಅರಿಶಿನ ಮೇಲೆ. ಮತ್ತೆ ಎರಡು, ಈ ಸಲ ಅರಿಶಿನ ಮಸಿ. ಅವಳು ಎಸೆಯೋದು ನಿಲ್ಸಿ ಬೀಜಗಳನ್ನೇ ನೋಡ್ತಾ ಕೂತ್ಲು. ಇದು ಬೇರೆ ಎರಡು, ಅದು ಬೇರೆ ಎರಡು ಅಂದ್ಲು. ಅಷ್ಟೇ, ಅಲ್ಲಿಂದ ಆ ಹುಡುಗೀನ ಊಟಕ್ಕೆ ಎಬ್ಬಿಸೋಕಾಗ್ಲಿಲ್ಲ. ಎರಡು ಬೀಳೋಕೆ 6 ದಾರಿ, ಒಂದು ಬೀಳೋಕೆ 4, ಮೂರಕ್ಕೂ 4, ಚೌಕಕ್ಕೆ ಒಂದೇ, ಬಾರಕ್ಕೆ ಒಂದೇ. ಮಧ್ಯೆ ಒಂದ್ಸಲ 14 ಅಂದ್ಲು, ಬಿಟ್ಟೋಗಿದ್ದ ಎರಡನ್ನ ಅವಳೇ ಹುಡುಕಿ ಕೊನೆಗೆ 16 ಅಂತ ನಿಲ್ಸಿದ್ಲು. ಪಕ್ಕದ್ಮನೆಯಿಂದ ಕವಡೆ ತಂದು ಎಸೆದ್ರೆ ಲೆಕ್ಕ ಬೇರೇನೇ ಬಂತು, ತೇಯ್ದ ಬೀಜ ಒಂದು ಪಕ್ಕ ಚಪ್ಪಟೆ ಅಲ್ವಾ ಅಂತ ಅದಕ್ಕೂ ಅವಳೇ ಕಾರಣ ಹುಡುಕಿದ್ಲು.

ಎಲ್ಲಾ ಮುಗಿದ್ಮೇಲೆ ರಾತ್ರಿ ಮಲಗೋವಾಗ ನಾನು ಹೇಳಿದ್ದು ಒಂದೇ ಕಥೆ. ನಮ್ಮ ಕನ್ನಡ ನಾಡಲ್ಲೇ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದ್ರೆ 9ನೇ ಶತಮಾನದಲ್ಲಿ ಮಹಾವೀರಾಚಾರ್ಯ ಅಂತ ಒಬ್ರು ಗಣಿತಜ್ಞರಿದ್ರು, ಇಷ್ಟು ವಸ್ತುವಲ್ಲಿ ಇಷ್ಟನ್ನ ಆರಿಸೋಕೆ ಎಷ್ಟು ದಾರಿ ಅಂತ ಕಂಡುಹಿಡಿಯೋ ಸೂತ್ರಾನ ಗಣಿತಸಾರಸಂಗ್ರಹದಲ್ಲಿ ಬರ್ದಿದಾರೆ, ನಾಲ್ಕರಲ್ಲಿ ಎರಡು ಆರಿಸೋಕೆ ಆರು ದಾರಿ ಅಂತ ಆ ಸೂತ್ರಾನೂ ಹೇಳುತ್ತೆ ಅಂತ. ಅವಳು ಎದ್ದು ಕೂತು, ಅವ್ರೂ ಚೌಕಾಬಾರ ಆಡ್ತಿದ್ರಾ ಅಂತ ಕೇಳಿದ್ಲು. ಕಾಲೇಜಿಗೆ ಕಾಲಿಡೋ ಹೊತ್ತಿಗೆ ಎಷ್ಟೋ ಮಕ್ಳು ಬಾಯಿಪಾಠ ಮಾಡಿ ಮರೆಯೋ ಪಾಠ ಸ್ವಾಮಿ ಇದು! ನಾನು ಆವತ್ತು ಪೆನ್ನು ಹಿಡ್ದು ಹೇಳ್ಕೊಟ್ಟಿದ್ರೆ ಹತ್ತು ನಿಮಿಷದಲ್ಲಿ ಮುಗೀತಿತ್ತು, ಅವಳದ್ದು ಅಂತ ಏನೂ ಉಳೀತಿರ್ಲಿಲ್ಲ. ಅದಕ್ಕೇ ಹೇಳೋದು, ಕೈಗೆ ಕೊಡಿ, ಸುಮ್ನಿರಿ.

ಗಾಜಿನ ಆಚೆಯಿಂದ ಟೈಮ್ ಟೈಮ್ ಅಂತ ಕೈ ತೋರಿಸ್ತಿದಾರೆ, ಹೇಳ್ಬೇಕು ಅಂತ ಬರ್ಕೊಂಡ್ ಬಂದಿದ್ದು ಇನ್ನೂ ಬೇಕಾದಷ್ಟಿದೆ, ಬೇಗ ಬೇಗ ಹೇಳ್ತೀನಿ.

ಹೊಸ ಸಾಮಾನು ಪರೀಕ್ಷೆ ಮಾಡೋದು ಹೇಗೆ. ನಮ್ಮನೇಲಿ ಅದನ್ನ ಮಗು ಕೈಗೆಟುಕೋ ಶೆಲ್ಫಲ್ಲಿ 15 ದಿನ ಇಡ್ತೀವಿ, ವಿವರಣೆ ಕೊಡಲ್ಲ. ಮೊದಲ್ನೇ ಸಲ ಎಲ್ಲಾ ಮಕ್ಳೂ ಮುಟ್ತಾರೆ, ಅದು ಲೆಕ್ಕಕ್ಕಿಲ್ಲ. ಯಾರೂ ಹೇಳ್ದೆ ಮೂರನೇ ಸಲ ತಾನಾಗೇ ಕೈ ಹಾಕಿದ್ರೆ ಅದು ಮನೇಲಿರ್ಲಿ, ಇಲ್ಲಾಂದ್ರೆ ಬೇರೆಯವ್ರಿಗೆ ಕೊಟ್ಬಿಡಿ. ನಾವು ನಾಲ್ಕು ಮನೆಯವ್ರು ಒಂದು ರಟ್ಟಿನ ಡಬ್ಬ ಇಟ್ಕೊಂಡಿದೀವಿ, ತಿಂಗಳಿಗೊಂದ್ಸಲ ಅದು ಮನೆ ಬದಲಾಯಿಸುತ್ತೆ. ನನ್ನ ಆ ಎಲೆಕ್ಟ್ರಾನಿಕ್ಸ್ ಕಿಟ್ಟು ಇನ್ನೊಂದು ಮನೆ ಹುಡುಗನ ಕೈಗೆ ಸೇರಿ ಅವ್ನು ಅದನ್ನ ಬಿಟ್ಟೇ ಇಲ್ಲ.

ದುಡ್ಡು ಖರ್ಚಿಲ್ದೆ ಸಿಗೋದು ಬೇಕಾದಷ್ಟಿದೆ. ಅರವಿಂದ ಗುಪ್ತ ಅವರ ಹೆಸರು ಕೇಳಿರ್ಬೋದು, ಐಐಟಿ ಕಾನ್ಪುರದಲ್ಲಿ ಓದಿ ಎಂಜಿನಿಯರ್ ಆದೋರು, ಮಧ್ಯಪ್ರದೇಶದ ಹೋಶಂಗಾಬಾದ್ ಕಡೆ ಹಳ್ಳಿ ಶಾಲೆಗಳಿಗೆ ಹೋದಾಗ ಬೆಂಕಿಕಡ್ಡಿ ಮತ್ತೆ ಸೈಕಲ್ ವಾಲ್ವ್ ಟ್ಯೂಬ್ ಇಟ್ಕೊಂಡು ಆಕಾರಗಳನ್ನ ಮಾಡಿದ್ರು, 2018ರಲ್ಲಿ ಪದ್ಮಶ್ರೀ ಬಂತು. ಟ್ಯೂಬ್‌ನ ಸಣ್ಣ ತುಂಡಿಗೆ ಎರಡೂ ಕಡೆಯಿಂದ ಕಡ್ಡಿ ಸಿಗಿಸಿ, ಮೂರು ಕಡ್ಡಿ ತ್ರಿಕೋನ ಮಾಡಿ ಅಲ್ಲಾಡ್ಸಿ ನೋಡಿ, ಗಟ್ಟಿ ನಿಲ್ಲುತ್ತೆ, ನಾಲ್ಕು ಕಡ್ಡಿ ಚೌಕ ಮಾಡಿದ್ರೆ ಓರೆ ಆಗಿ ಕುಸಿಯುತ್ತೆ. ಸೇತುವೆಗಳಲ್ಲಿ ಅಷ್ಟೊಂದು ತ್ರಿಕೋನ ಯಾಕಿರುತ್ತೆ ಅಂತ ಮಗುವೇ ಬಂದು ನಿಮಗೆ ಹೇಳುತ್ತೆ, ನೀವು ಮೊದ್ಲೇ ಹೇಳ್ಬಿಡ್ಬೇಡಿ. ಕಥೆಗೆ ಪ್ರಥಮ್ ಬುಕ್ಸ್‌ನವ್ರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆ, ಕನ್ನಡದಲ್ಲೂ ಚಿತ್ರದ ಪುಸ್ತಕಗಳಿವೆ, ಪುಕ್ಕಟೆ, ನಿಮ್ಮ ಮಗು ಬೇರೆ ಭಾಷೆ ಕಥೇನ ಕನ್ನಡಕ್ಕೆ ತಂದು ಹಾಕ್ಲೂಬೋದು. ಒಂದು ಸಾಮಾನು ಕೊಂಡೇ ಕೊಳ್ಬೇಕು ಅಂದ್ರೆ ಫೋಲ್ಡ್‌ಸ್ಕೋಪ್ ತಗೊಳ್ಳಿ, ಸ್ಟ್ಯಾನ್‌ಫರ್ಡ್‌ನಲ್ಲಿರೋ ಮನು ಪ್ರಕಾಶ್ ಅವರ ತಂಡ ಮಾಡಿದ ಕಾಗದದ ಸೂಕ್ಷ್ಮದರ್ಶಕ, ಮಡಚಿ ಜೇಬಲ್ಲಿಡ್ಬೋದು, 140 ಪಟ್ಟು ದೊಡ್ಡದು ಮಾಡಿ ತೋರ್ಸುತ್ತೆ, ಈರುಳ್ಳಿ ಪೊರೆಯಿಂದ ಶುರು ಮಾಡಿ.

ಈ ತಿಂಗಳಲ್ಲೇ ಮಾಡೋದು ಒಂದಿದೆ, ದಯವಿಟ್ಟು ತಪ್ಪಿಸ್ಕೋಬೇಡಿ, ನೆರಳಿಲ್ಲದ ದಿನ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಲ್ಲಿ ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿ ಮೇಲಿರ್ತಾನೆ. ಮೈಸೂರಲ್ಲಿ ಒಂದೆರಡು ದಿನ ಮುಂಚೆ, ಹುಬ್ಬಳ್ಳಿ, ಬೆಳಗಾವಿಗೆ ಮೇ ಮೊದಲ ವಾರ, ಕಲಬುರಗಿಗೆ ಅದಾದ್ಮೇಲೆ. ತಾರಸಿ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿ 11 ಗಂಟೆಯಿಂದ ಹತ್ತತ್ತು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕೋಕೆ ಹೇಳಿ. ನೆರಳು ಸಣ್ಣಗಾಗ್ತಾ ಆಗ್ತಾ ಲೋಟದ ಅಡಿಗೆ ಸೇರ್ಕೊಳ್ಳುತ್ತೆ, ಕಾಲಿಗೆ ಚಪ್ಪಲಿ ಇರ್ಲಿ, ತಲೆಗೆ ಟವೆಲ್ ಇರ್ಲಿ. ದಿಲ್ಲೀಲಿರೋ ನಿಮ್ಮ ನೆಂಟ್ರಿಗೆ ಇದು ವರ್ಷದಲ್ಲಿ ಒಂದು ದಿನಾನೂ ಕಾಣಲ್ಲ, ಅವರ ಊರು ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಆಚೆಗಿದೆ, ನಮ್ಮ ರಾಜ್ಯದಲ್ಲಿ ಎಲ್ಲಾ ಊರಿಗೂ ವರ್ಷಕ್ಕೆ ಎರಡು ಸಲ ಸಿಗುತ್ತೆ.

ಪರೀಕ್ಷೆ ಕಥೆ ಏನು ಅಂತ ಕೇಳೋರಿಗೆ. ಎನ್‌ಐಒಎಸ್ ಅಂತ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ, 14 ವರ್ಷ ತುಂಬಿದ್ರೆ ಹತ್ತನೇ ತರಗತಿ ಪರೀಕ್ಷೆ ಕಟ್ಬೋದು, ವರ್ಷಕ್ಕೆ ಎರಡು ಸಲ ನಡೆಯುತ್ತೆ. ನಮ್ಮ ಮಗಳು ಅಲ್ಲೇ ಬರೀತಾಳೆ. ಹೆಚ್ಚಿಗೆ ಹೇಳೋಕೆ ಟೈಮಿಲ್ಲ.

ಈ ರಜಕ್ಕೂ ತಿಪಟೂರಿಗೇ ಹೋಗ್ತಿದೀವಿ. ಮಗಳು ಈ ಸಲ ಐದು ಬೀಜ ತೇಯ್ತೀನಿ ಅಂತಿದಾಳೆ, 32 ಥರ ಬರುತ್ತೆ ಅಂತ ಆಗ್ಲೇ ಬರ್ದಿಟ್ಕೊಂಡಿದಾಳೆ, ಅಜ್ಜಿ ಮುಂದೆ ಎಸ್ದು ನೋಡ್ಬೇಕಂತೆ. ನೀವೂ ತೇಯೋದಾದ್ರೆ ನುಣುಪಾದ ಟೈಲ್ಸ್ ಮೇಲೆ ಆಗಲ್ಲ, ಒರಟು ಕಲ್ಲೇ ಬೇಕು, ಸಿಪ್ಪೆ ಎರಡೂ ಪಕ್ಕ ಗಟ್ಟಿ ಇರೋ ಹೊಸ ಬೀಜ ಆರಿಸ್ಕೊಳ್ಳಿ, ಹುಳ ತೂತು ಮಾಡಿರೋದು ಬೇಡ. ಬರ್ತೀನಿ, ನಮಸ್ಕಾರ.