ಸಣ್ಣ ಟ್ರ್ಯಾಕ್ಟರಿಗೆ ಯಾವ ಗುಂಡಿ ಯಂತ್ರ?

ರೈತ ಬಾಂಧವರಿಗೆ ನಮಸ್ಕಾರ.

ಭರಣಿ ಮಳೆ ಒಂದೆರಡು ಹದ ಬಿದ್ದರೆ ಸಾಕು, ನಮ್ಮ ಮಲೆನಾಡಿನಲ್ಲಿ ಗಿಡ ನೆಡುವ ಮಾತು ಶುರು. ಗುಂಡಿ ತೆಗೆಯೋಕೆ ಆಳು ಸಿಗುವುದಿಲ್ಲ. ಮನೆಯಲ್ಲಿ 20-25 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್ ಇದೆ. ಅದರ ಹಿಂದೆ ಗುಂಡಿ ತೋಡುವ ಯಂತ್ರ ಸಿಕ್ಕಿಸಿದರೆ ಆಯ್ತಲ್ವಾ ಅಂತ ಬಹಳ ಜನ ಕೇಳುತ್ತಾರೆ. ಆಗುತ್ತದೆ, ಆದರೆ ಎಲ್ಲ ಗುಂಡಿಗೂ ಅಲ್ಲ.

ಮೊದಲು ಯಾವ ಗಿಡ ಅಂತ ನೋಡಿ. ಅಡಿಕೆಗೆ 3 ಅಡಿ ಉದ್ದ, ಅಗಲ, ಆಳದ ಗುಂಡಿ ಬೇಕು ಅಂದರೆ ಒಂದೊಂದಕ್ಕೂ 27 ಘನ ಅಡಿ ಮಣ್ಣು ಎತ್ತಬೇಕು. 9 ಅಡಿ ಅಂತರದಲ್ಲಿ ಎಕರೆಗೆ ಹತ್ತಿರ ಹತ್ತಿರ 540 ಗುಂಡಿ. ಇದು ಸಣ್ಣ ಟ್ರ್ಯಾಕ್ಟರಿನ ಕೆಲಸವಲ್ಲ. ಸಣ್ಣ ಹಿಟಾಚಿಯೊಂದನ್ನು ಬಾಡಿಗೆಗೆ ಕರೆಸಿ, ಮುಗಿಸಿಬಿಡಿ. ಕಾಫಿ, ಸಿಲ್ವರ್ ಓಕ್, ಕಾಡುಗಿಡ, ಬೇಲಿ ಕಂಬ ಅಂತಾದರೆ ಒಂದೂವರೆ ಅಡಿ ಗುಂಡಿ ಸಾಕು. ಟ್ರ್ಯಾಕ್ಟರ್ ಯಂತ್ರಕ್ಕೆ ಕೆಲಸ ಇರುವುದು ಅಲ್ಲಿ.

ಈಗ ಬಿಟ್ಟಿನ, ಅಂದರೆ ಮಣ್ಣು ಕೊರೆಯುವ ತಿರುಪಿನ ಅಳತೆ. ಅಂಗಡಿಯಲ್ಲಿ 9, 12, 18, 24 ಇಂಚಿನವು ಸಿಗುತ್ತವೆ. ದೊಡ್ಡದೇ ಇರಲಿ ಅನ್ನಿಸುತ್ತದೆ. 12 ಇಂಚಿನ ಬದಲು 24 ಇಂಚು ಹಾಕಿದರೆ ಅಷ್ಟೇ ಆಳಕ್ಕೆ ಏಳುವ ಮಣ್ಣು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಎಂಜಿನ್ನಿನ 25 ಎಚ್‌ಪಿ ಪೂರ್ತಿ ಪಿಟಿಒಗೆ, ಅಂದರೆ ಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರಿನ ಹಿಂದಿನ ಶಾಫ್ಟಿಗೆ, ಬರುವುದೂ ಇಲ್ಲ. ನಾನು ಹೇಳುವುದು 12 ಇಂಚು. ಮೆದು ಮಣ್ಣಾದರೆ 18. ಕಾಫಿಗೆ ಅಗಲ ಸಾಲದಿದ್ದರೆ ಸುತ್ತ ನಾಲ್ಕು ಗುದ್ದಲಿ ಏಟು ಹಾಕಿಕೊಳ್ಳಿ, ಅದೇನು ದೊಡ್ಡ ಕೆಲಸವಲ್ಲ.

ನಿಜವಾದ ತಕರಾರು ಜಂಬಿಟ್ಟಿಗೆಯ, ಅಂದರೆ ಗಟ್ಟಿ ಕೆಂಪು ಕಲ್ಲುಮಣ್ಣಿನ ನೆಲದ್ದು. ಟ್ರ್ಯಾಕ್ಟರಿನ ಹೈಡ್ರಾಲಿಕ್ ಮೇಲಕ್ಕೆ ಎತ್ತುತ್ತದೆ ಅಷ್ಟೇ, ಕೆಳಕ್ಕೆ ಒತ್ತುವುದಿಲ್ಲ. ಯಂತ್ರ ತನ್ನ ತೂಕದ ಮೇಲೆ, ಮೊನೆಯ ಹಿಡಿತದ ಮೇಲೆ ಇಳಿಯಬೇಕು. ಬೇಸಿಗೆಯಲ್ಲಿ ಸಾಗರ, ಹೊಸನಗರದ ಕಡೆಯ ಒಣ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ನಿಲ್ಲಿಸಿದರೆ ಸುಮ್ನೆ ತಿರುಗುತ್ತಾ ಕೆಂಪು ಧೂಳು ಎಬ್ಬಿಸುತ್ತದೆ. ಆಗ ಯಾರಾದರೂ ಗೇರ್ ಬಾಕ್ಸಿನ ಮೇಲೆ ಹತ್ತಿ ನಿಲ್ಲುತ್ತಾರೆ. ದಯವಿಟ್ಟು ಬೇಡ. ತಿರುಗುವ ಶಾಫ್ಟಿಗೆ ಪಂಚೆಯ ಚುಂಗು, ಟವೆಲ್ಲು, ಸೆರಗು ಸಿಕ್ಕಿದರೆ ಎಳೆದು ಬಿಡಿಸುವಷ್ಟು ಹೊತ್ತು ಇರುವುದಿಲ್ಲ. ಎರಡು ಮಳೆ ಕಾಯಿರಿ. ಕೊಳ್ಳುವಾಗ ಮೊನೆ, ಹಲ್ಲು ಬಿಚ್ಚಿ ಬದಲಿಸಲು ಬರುತ್ತದೆಯೇ, ಶಾಫ್ಟಿಗೆ ಕವಚ ಇದೆಯೇ ನೋಡಿ.

ಮಳೆ ಜಾಸ್ತಿಯಾದರೆ ಉಲ್ಟಾ ಕಷ್ಟ. ಹಸಿ ಜೇಡಿಮಣ್ಣಿನಲ್ಲಿ ಬಿಟ್ಟು ತಾನೇ ತಿರುಪಿಕೊಂಡು ಇಳಿದು ಸಿಕ್ಕಿಕೊಳ್ಳುತ್ತದೆ. ಹೆಚ್ಚಿನ ಸಣ್ಣ ಟ್ರ್ಯಾಕ್ಟರುಗಳಲ್ಲಿ ಪಿಟಿಒ ಹಿಂದಕ್ಕೆ ತಿರುಗುವುದಿಲ್ಲ. ಎಂಜಿನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು, ದೊಡ್ಡ ಪೈಪ್ ರೆಂಚಿನಲ್ಲಿ ಕೈಯಿಂದ ಹಿಂದಕ್ಕೆ ತಿರುಗಿಸಬೇಕು. ಅರ್ಧ ಅಡಿ ಇಳಿಸಿ, ಎತ್ತಿ ಮಣ್ಣು ಚೆಲ್ಲಿ, ಮತ್ತೆ ಇಳಿಸಿದರೆ ಈ ಫಜೀತಿ ಬರುವುದು ಕಡಿಮೆ.

ಬೇರಿಗೋ ಕಲ್ಲಿಗೋ ತಗುಲಿದಾಗ ಶಿಯರ್ ಬೋಲ್ಟ್ ತುಂಡಾಗುತ್ತದೆ. ಅದು ತುಂಡಾಗಲೆಂದೇ ಇರುವುದು. ಪದೇ ಪದೇ ಹೋಗುತ್ತದೆ ಅಂತ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಹೋಗುವುದು ಗೇರ್ ಬಾಕ್ಸ್. ಅದೇ ಅಳತೆಯ ಬೋಲ್ಟ್ ನಾಲ್ಕಾರು ಜೇಬಿನಲ್ಲಿರಲಿ.

ಇನ್ನೊಂದು ಸಂಗತಿ ಯಂತ್ರ ಮಾರುವವರು ಹೇಳುವುದು ಅಪರೂಪ. ಹಸಿ ಮಣ್ಣಿನಲ್ಲಿ ಬಿಟ್ಟು ತಿರುಗಿದಾಗ ಗುಂಡಿಯ ಗೋಡೆ ಮಡಕೆಯ ಒಳಮೈಯಂತೆ ನುಣುಪಾಗುತ್ತದೆ. ನೀರು ಇಂಗುವುದಿಲ್ಲ, ಬೇರು ಹೊರಗೆ ನುಗ್ಗದೆ ಒಳಗೇ ಸುತ್ತುತ್ತದೆ. ನಮ್ಮ ಆರಿದ್ರಾ, ಪುನರ್ವಸು ಮಳೆಗೆ ಅಂಥ ಗುಂಡಿಯಲ್ಲಿ ನೀರು ನಿಂತು ಸಸಿ ಕೊಳೆಯುತ್ತದೆ. ನೆಡುವ ಮೊದಲು ಹಾರೆಯಿಂದ ನಾಲ್ಕೂ ಕಡೆ, ತಳಕ್ಕೂ ಕೆರೆದುಬಿಡಿ.

ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳು 2014ರಿಂದ ಇವೆ. ಗುಂಡಿ ಯಂತ್ರ ಇದೆಯೇ ಅಂತ ಅಲ್ಲಿ ವಿಚಾರಿಸಿ. ಇದ್ದರೆ ಕೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತಂದು ನಿಮ್ಮದೇ ನೆಲದಲ್ಲಿ ಇಳಿಸಿ ನೋಡಿ. ಖಾಸಗಿಯವರನ್ನು ಕರೆದರೆ ಗಂಟೆ ಲೆಕ್ಕವೋ ಗುಂಡಿ ಲೆಕ್ಕವೋ ಮೊದಲೇ ಮಾತಾಡಿಕೊಳ್ಳಿ. ಜಂಬಿಟ್ಟಿಗೆ ನೆಲಕ್ಕೆ ಗುಂಡಿ ಲೆಕ್ಕವೇ ನಿಮಗೆ ಒಳ್ಳೆಯದು. ಯಂತ್ರದವರು ಒಪ್ಪಬೇಕಲ್ಲ, ಅದು ಬೇರೆ ಮಾತು.

ನಮಸ್ಕಾರ.