ಕೆಂಚನ ಜೊತೆ ಕಡಲಿಗೆ: ಊಟಕ್ಕೆ ನಿಲ್ಲೋದು ಎಲ್ಲಿ?

ಎಲ್ಲರಿಗೂ ನಮಸ್ಕಾರ. ಈ ಮಾತು ರೆಕಾರ್ಡ್ ಮಾಡ್ತಿರೋದು ಟೆಂಟೊಳಗೆ ಕೂತು. ಹಿಂದೆ ಗುಯ್ ಅಂತ ಕೇಳ್ತಿರೋದು ಸಮುದ್ರ. ಆದ್ರೆ ನೀವೀಗ ನೋಡ್ತಿರೋದು ನಿನ್ನೆ ಬೆಳಿಗ್ಗೆ ಆರೂಕಾಲಿನ ಚಿಕ್ಕಮಗಳೂರು. ಮಂಜು ಇನ್ನೂ ಬಿಟ್ಟಿಲ್ಲ. ಹಿಂದಿನ ಸೀಟಲ್ಲಿ ನಾಲಿಗೆ ಹಾಕ್ಕೊಂಡು ಕೂತಿರೋನೇ ಕೆಂಚ. ನಮ್ಮ ತೋಟದ ಕೆಲಸಗಾರರ ಲೈನ್ ಮನೆ ಹತ್ರ ಹುಟ್ಟಿದ ನಾಟಿ ನಾಯಿ, ನಾಲ್ಕು ವರ್ಷ. ಕಾಫಿ ಗಿಡ, ಇಂಬಳ, ಕಾಡುಹಂದಿ ಎಲ್ಲಾ ಗೊತ್ತು ಅವನಿಗೆ, ಸಮುದ್ರ ಮಾತ್ರ ಗೊತ್ತಿಲ್ಲ. ಸ್ಟೇರಿಂಗ್ ಹಿಡಿದಿರೋದು ನನ್ನ ತಮ್ಮ.

ನಮ್ಮ ದಾರಿ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ, ಕಾರ್ಕಳ, ಪಡುಬಿದ್ರಿ. ದಾರಿ ಸುಲಭ. ನಾಯಿ ಜೊತೆ ಎಲ್ಲಿ ಕೂತು ತಿನ್ನೋದು ಅನ್ನೋದೇ ಕಷ್ಟ. 'ಕಾರಲ್ಲೇ ಬಿಟ್ಟು ಹೋಗಿ, ಕಿಟಕಿ ಸ್ವಲ್ಪ ಇಳಿಸಿ' ಅಂತ ತುಂಬಾ ಜನ ಹೇಳ್ತಾರೆ. ದಯವಿಟ್ಟು ಬೇಡ. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡ್ಕೋಬೇಕು. ಬಿಸಿಲಲ್ಲಿ ನಿಂತ ಕಾರು ಕೆಲವೇ ನಿಮಿಷದಲ್ಲಿ ಒಲೆ ಆಗುತ್ತೆ, ಕಿಟಕಿ ನಾಲ್ಕು ಬೆರಳು ಇಳಿಸಿದ್ರೆ ಏನೂ ಪ್ರಯೋಜನ ಇಲ್ಲ.

ಈ ಬಿಲ್ ನೋಡಿ. ಕ್ಯಾಮೆರಾ ಹತ್ರ ಹಿಡಿದಿದೀನಿ, ಓದಿ. ಅಕ್ಕಿ ರೊಟ್ಟಿ ನಾಲ್ಕು, ಕಾಫಿ ಎರಡು. ಅದರ ಕೆಳಗೆ, 'ಪೆಟ್ ಚಾರ್ಜ್ 250'. ಮೂಡಿಗೆರೆ ದಾಟಿದ ಮೇಲೆ ಸಿಕ್ಕಿದ ಜಾಗ, ಹೆಸರು ಹೇಳಲ್ಲ. ಹಿಂದಿನ ದಿನವೇ ಫೋನ್ ಮಾಡಿ ಕೇಳಿದ್ದೆ, 'ಸರ್, ನಾಯಿ ಕರ್ಕೊಂಡು ಬರಬಹುದಾ?' ಅಂತ. 'ಬನ್ನಿ ಬನ್ನಿ, ನಮ್ಮದು ಪೆಟ್ ಫ್ರೆಂಡ್ಲಿ' ಅಂದ್ರು. ಹೋದ ಮೇಲೆ ಒಬ್ಬ ಹುಡುಗ ಬಂದು, 'ನಾಯಿನ ಇಲ್ಲಿ ಕಟ್ಟಿ ಅಕ್ಕಾ' ಅಂತ ಅಡುಗೆಮನೆ ಹಿಂದೆ ಕರ್ಕೊಂಡು ಹೋದ. ಅಲ್ಲಿದ್ದದ್ದು ಜನರೇಟರ್. ಮೇಲೆ ತಗಡಿನ ಶೀಟು, ಪಕ್ಕದಲ್ಲಿ ಡೀಸೆಲ್ ಕ್ಯಾನು, ಗೋಡೆಗೊಂದು ಕಬ್ಬಿಣದ ಬಳೆ. ಕೆಂಚ ಆ ಸದ್ದಿಗೆ ಬಾಲ ಮುದುರ್ಕೊಂಡು ನನ್ನ ಕಾಲಿಗೆ ಅಂಟಿ ನಿಂತ. ನಾನು ಆಗಲ್ಲ ಅಂದೆ. ಕೊನೆಗೆ ಪಾರ್ಕಿಂಗ್ ಮೂಲೆಗೆ ನಾವೇ ಎರಡು ಕುರ್ಚಿ ಎಳ್ಕೊಂಡು ಕೂತ್ವಿ. ಅವನು ಕುಡಿದದ್ದು ನಮ್ಮ ಕ್ಯಾನಿನ ನೀರು, ಕುಡಿದದ್ದು ನಮ್ಮ ಬೋಗುಣಿಯಲ್ಲೇ. ಅಲ್ಲಿಯ ಒಂದು ತುತ್ತೂ ತಿಂದಿಲ್ಲ. ಹಾಗಾದ್ರೆ 250 ಯಾವುದಕ್ಕೆ? ಕೌಂಟರಲ್ಲಿ ಕೇಳಿದ್ರೆ, 'ಬೋರ್ಡಲ್ಲಿ ಹಾಕಿದೀವಿ ಮೇಡಂ' ಅಂದ್ರು. ಬೋರ್ಡ್ ಇತ್ತು, ಕ್ರೋಟನ್ ಕುಂಡದ ಹಿಂದೆ. ಒಂದು ಗೋಣಿಚೀಲ ಹಾಸಿ, ಒಂದು ಮಗ್ ನೀರು ಇಟ್ಟಿದ್ರೆ 250 ಅಲ್ಲ, 300 ಖುಷಿಯಿಂದ ಕೊಡ್ತಿದ್ದೆ.

ಈಗ ಒಂದು ದಿನ ಕಳೆದಿದೆ, ಸ್ವಲ್ಪ ತಣ್ಣಗಾಗಿದೀನಿ. ಪಕ್ಕದ ಟೇಬಲಿನ ಪುಟ್ಟ ಹುಡುಗಿ ಕೆಂಚನ್ನ ನೋಡಿ ಕಿರುಚಿ ಅಮ್ಮನ ಮಡಿಲು ಹತ್ತಿದಳು, ಅದು ನಿಜ. ಎಲ್ಲರಿಗೂ ನಾಯಿ ಇಷ್ಟ ಇರ್ಬೇಕು ಅಂತೇನಿಲ್ಲ. ಒಳಗೆ ಬಿಡಬೇಡಿ, ಒಪ್ಕೋತೀನಿ. ಆದ್ರೆ ಜನರೇಟರ್ ಪಕ್ಕ ಮಾತ್ರ ಒಪ್ಪಲ್ಲ.

ಇದು ಕೊಟ್ಟಿಗೆಹಾರ, ನೀರುದೋಸೆ. ಕಾರಿನ ಬಾನೆಟ್ ಮೇಲೆ ತಟ್ಟೆ ಇಟ್ಕೊಂಡು ನಿಂತೇ ತಿಂದ್ವಿ, ಯಾರೂ ಏನೂ ಅನ್ನಲಿಲ್ಲ. ಕೆಂಚನಿಗೆ ಬರೀ ದೋಸೆ, ಚಟ್ನಿ ಇಲ್ಲ, ಸಾರು ಇಲ್ಲ. ಇದನ್ನ ನೆನಪಿಟ್ಕೊಳ್ಳಿ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ, ಬೇಯಿಸಿದ್ರೂ ಅಷ್ಟೇ. ಹೋಟೆಲ್ ಸಾಂಬಾರಲ್ಲಿ ಅದಿಲ್ಲದೆ ಇರುತ್ತಾ? ಬೇಯಿಸಿದ ಕೋಳಿ ಮೂಳೆನೂ ಬೇಡ, ಸಿಗುರು ಸಿಗುರಾಗಿ ಒಡೆದು ಗಂಟಲಿಗೆ ಚುಚ್ಚುತ್ತೆ. ಅನ್ನ, ಖಾಲಿ ಇಡ್ಲಿ, ಬೇಯಿಸಿದ ಮೊಟ್ಟೆ ಸಾಕು.

ಚಾರ್ಮಾಡಿಯ ಕೋತಿಗಳು. ಆ ಬೊಗಳು ನೀವೇ ಕೇಳಿಸ್ಕೊಳ್ಳಿ. ಸರಿ, ಮುಂದೆ.

ಈ ಶಾಟ್ ನನಗೆ ತುಂಬಾ ಇಷ್ಟ. ಘಾಟಿ ಇಳಿದು, ಉಜಿರೆ ದಾಟಿ, ಕಾರ್ಕಳದ ದಾರಿಯಲ್ಲಿ ಒಂದು ಹಂಚಿನ ಮನೆ, ಮುಂದೆ ಜಗಲಿ, ಒಳಗೆ ನಾಲ್ಕು ಬೆಂಚು. ಯಾವ ಬೋರ್ಡೂ ಇಲ್ಲ. ನಾನು ಬಾಗಿಲಲ್ಲೇ ನಿಂತು, 'ಅಜ್ಜೀ, ನಾಯಿ ಇದೆ' ಅಂದೆ. 'ನಾಯಿ ಉಂಟಾ? ಇರ್ಲಿ, ಒಳಗೆ ಬೇಡ, ಜಗಲಿಯಲ್ಲಿ ಕೂತ್ಕೊಳ್ಳಿ. ಅದಕ್ಕೆ ಎಂತ ಕೊಡುವುದು?' ಅಂದ್ರು. ನಾನು ಹೇಳೋದರೊಳಗೆ ಕುಚ್ಚಲಕ್ಕಿ ಗಂಜಿ ತಂದ್ರು. ಉಪ್ಪು ಹಾಕೋ ಮೊದಲೇ ತೆಗೆದಿಟ್ಟಿದ್ದು. ನೋಡಿ, ಈ ಪಾತ್ರೆಯಿಂದ ಆ ಪಾತ್ರೆಗೆ ಮೂರು ಸಲ ಹೊಯ್ದು, ಬೆರಳು ಅದ್ದಿ ಬಿಸಿ ನೋಡಿ, ಆಮೇಲೇ ಬೋಗುಣಿಗೆ ಹಾಕಿದ್ದು. ಕೆಂಪು ಅಕ್ಕಿ ತಳದಲ್ಲಿ, ತಿಳಿ ಮೇಲೆ. ಕೆಂಚ ತಲೆ ಎತ್ತಲೇ ಇಲ್ಲ. ಅಜ್ಜಿ ಅದಕ್ಕೆ ದುಡ್ಡು ತಗೊಳ್ಳಲಿಲ್ಲ, ನಾನು ಒತ್ತಾಯ ಮಾಡಿದ್ರೂ.

ಬೋರ್ಡ್ ಹಾಕಿದವರನ್ನ ಇನ್ನು ನಂಬೋದೇ ಇಲ್ಲ ಅಂತ ಅಲ್ಲಿ ತಮ್ಮನ ಹತ್ರ ಹೇಳಿದ್ದೆ. ಸಂಜೆಗೆ ಆ ಮಾತು ವಾಪಸ್ ತಗೊಂಡೆ. ಉಚ್ಚಿಲದ ಹತ್ರ ಬೋರ್ಡ್ ಇರೋ ಒಂದು ಜಾಗದಲ್ಲಿ ತೆಂಗಿನ ನೆರಳು, ಸಿಮೆಂಟಿನ ನೀರಿನ ತೊಟ್ಟಿ, ನಾಯಿಗಳಿರೋ ಟೇಬಲ್ಲು ಬೇರೆ, ಮಕ್ಕಳಿರೋ ಟೇಬಲ್ಲು ಬೇರೆ. ಎಷ್ಟು ಚೆನ್ನಾಗಿ ಮಾಡಿದಾರೆ! ನಾವು ಬಂಗುಡೆ ತಿಂದ್ವಿ, ಮುಳ್ಳಿರೋದ್ರಿಂದ ಅವನಿಗೆ ಕೊಡಲಿಲ್ಲ.

ಪಡುಬಿದ್ರಿಯ ಬ್ಲೂ ಫ್ಲಾಗ್ ಬೀಚಿಗೆ ನಾವು ಇಳಿಯಲಿಲ್ಲ. ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ ಅದು, ಇಲ್ಲಿಗೆ 2020ರಲ್ಲಿ ಸಿಕ್ಕಿದ್ದು, ಅದರ ನಿಯಮದಲ್ಲೇ ನಾಯಿಗಳ ಓಡಾಟಕ್ಕೆ ಕಟ್ಟುನಿಟ್ಟಿನ ನಿಯಂತ್ರಣ ಇದೆ. ಅದಕ್ಕೇ ಪರಿಚಯದವರ ತೋಟದಲ್ಲಿ ಕೇಳಿ ಟೆಂಟ್ ಹಾಕಿದೀವಿ, ತೆಂಗಿನಮರದ ಬುಡ ಬಿಟ್ಟು ದೂರದಲ್ಲಿ.

ಇದೇ ಮೊದಲ ಅಲೆ. ಕೆಂಚ ಹಿಂದೆ ಓಡಿದ, ಮತ್ತೆ ಮುಂದೆ ಬಂದ, ಆಮೇಲೆ ನೆಕ್ಕಿದ. ಉಪ್ಪುನೀರು ಜಾಸ್ತಿ ಹೊಟ್ಟೆಗೆ ಹೋದ್ರೆ ವಾಂತಿ, ಭೇದಿ ಆಗುತ್ತೆ, ಅದಕ್ಕೇ ನಾನು ಕ್ಯಾನ್ ಹಿಡ್ಕೊಂಡು ಅವನ ಹಿಂದೇ ಓಡ್ತಿದೀನಿ.

ಈಗ ನನ್ನ ಕಾಲ ಮೇಲೆ ತಲೆ ಇಟ್ಟು ಮಲಗಿದಾನೆ, ಮೈಯೆಲ್ಲಾ ಮರಳು. ನಾಳೆ ವಾಪಸ್ ಅದೇ ದಾರಿ. ಹನ್ನೆರಡೂವರೆ ಒಳಗೆ ಬಂದ್ರೆ ಗಂಜಿ ಇರ್ತದೆ ಅಂದಿದಾರೆ ಅಜ್ಜಿ. ಬೇಗ ಎದ್ದು ಟೆಂಟ್ ಬಿಚ್ಚಬೇಕು, ಲೈಟ್ ಆರಿಸ್ತೀನಿ.