ಬೂಟ್ ಆದಾಗಲೆಲ್ಲ ಲಿನಕ್ಸ್ ಮೂಕ ಆಗೋದು ಯಾಕೆ?

ನಮಸ್ಕಾರ. ರಾತ್ರಿ ಹಾಡು ಕೇಳಿ ಕಂಪ್ಯೂಟರ್ ಆಫ್ ಮಾಡಿರುತ್ತೀರಿ. ಬೆಳಗ್ಗೆ ಆನ್ ಮಾಡಿದರೆ ಹೆಡ್‌ಫೋನಿನಲ್ಲಿ ಒಂಚೂರೂ ಸದ್ದಿಲ್ಲ. ಮತ್ತೆ ಮ್ಯೂಟ್ ತೆಗಿ, ವಾಲ್ಯೂಮ್ ಏರಿಸು. ದಿನಾ ಇದೇ ಗೋಳು.

[ಪರದೆ: ಟರ್ಮಿನಲ್‌ನಲ್ಲಿ ಅಲ್ಸಾಮಿಕ್ಸರ್]

ಮೊದಲು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಅಲ್ಸಾಮಿಕ್ಸರ್ (alsamixer) ತೆರೆಯಿರಿ. ವಾಲ್ಯೂಮ್‌ಗಳನ್ನು ಕಂಬಗಳಾಗಿ ತೋರಿಸೋ ಪ್ರೋಗ್ರಾಂ ಅದು. ಮಾಸ್ಟರ್ ಅನ್ನೋ ಒಂದೇ ಕಂಬ ಕಂಡರೆ ಅದು ನಿಜವಾದ ಸೌಂಡ್ ಕಾರ್ಡ್ ಅಲ್ಲ; ಆ್ಯಪ್‌ಗಳ ಸದ್ದನ್ನು ಕಾರ್ಡಿಗೆ ತಲುಪಿಸೋ ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೋ ಪ್ರೋಗ್ರಾಂ ಮುಂದಿಟ್ಟ ಮುಖವಾಡ. ಎಫ್6 ಒತ್ತಿ ನಿಮ್ಮ ಕಾರ್ಡ್ ಆರಿಸಿ. ಈಗ ಹೆಡ್‌ಫೋನ್ ಕಂಬದ ಬುಡ ನೋಡಿ. ಎರಡು ಸೊನ್ನೆ ಇದ್ದರೆ ಸದ್ದಿಗೆ ದಾರಿ ಇದೆ. ಎರಡು ಎಂ ಇದ್ದರೆ ಮ್ಯೂಟ್ ಆಗಿದೆ. ಅಲ್ಲಿ ನಿಂತು ಎಂ ಒತ್ತಿ, ಮೇಲಿನ ಬಾಣದ ಕೀಲಿಯಿಂದ ವಾಲ್ಯೂಮ್ ಏರಿಸಿ.

ಸದ್ದು ಬಂತು, ಅಲ್ವಾ? ಆದರೆ ಇದನ್ನು ನಾಳೆಗೆ ನೆನಪಿಡೋದು ಯಾರು? ಅಲ್ಸಾ-ಸಿಟಿಎಲ್ (alsactl) ಅನ್ನೋ ಪುಟ್ಟ ಪ್ರೋಗ್ರಾಂ. ಸಾಮಾನ್ಯವಾಗಿ ಇದು ಶಟ್‌ಡೌನ್ ಹೊತ್ತಿಗೆ ಎಲ್ಲ ಕಂಬಗಳ ಲೆಕ್ಕವನ್ನು ಎ-ಸೌಂಡ್ ಡಾಟ್ ಸ್ಟೇಟ್ (asound.state) ಅನ್ನೋ ಫೈಲಿಗೆ ಬರೆದಿಡುತ್ತದೆ. ಬೂಟ್ ಆಗುವಾಗ ಅದನ್ನೇ ಓದಿ ಮತ್ತೆ ಕೂರಿಸುತ್ತದೆ.

ಶಟ್‌ಡೌನ್ ಹೊತ್ತಿಗೆ ಅಂದೆ, ಗಮನಿಸಿ. ನಮ್ಮನೆಯಲ್ಲಿ ಆಗ ಯುಪಿಎಸ್ ಇರಲಿಲ್ಲ. ಸಂಜೆ ಮಳೆ ಬಂದರೆ ಕರೆಂಟ್ ಹೋಗೋದು, ಕಂಪ್ಯೂಟರ್ ಫಟ್ ಅಂತ ಆಫ್. ನಾನು ಸುಮ್ನೆ ಡ್ರೈವರನ್ನು ಬೈದುಕೊಂಡು ಲಿನಕ್ಸಿನ ತಿರುಳಾದ ಕರ್ನಲ್ ಕೂಡ ಬದಲಾಯಿಸಿದೆ. ಕೊನೆಗೆ ಆ ಫೈಲಿನ ತಾರೀಕು ನೋಡಿದರೆ ಮೂರು ವಾರ ಹಳೆಯದು! ಬರೆದಿಡೋಕೆ ಪಾಪ ಅದಕ್ಕೆ ಸಮಯವೇ ಸಿಕ್ಕಿರಲಿಲ್ಲ.

[ಪರದೆ: ಸುಡೊ ಅಲ್ಸಾ-ಸಿಟಿಎಲ್ ಸ್ಟೋರ್]

ಮದ್ದು ಇಷ್ಟೇ. ಸೆಟ್ಟಿಂಗ್ ಸರಿಮಾಡಿದ ತಕ್ಷಣ ಈ ಕಮಾಂಡ್ ಕೊಡಿ. ಸುಡೊ ಮರೆಯಬೇಡಿ, ಆ ಫೈಲ್ ರೂಟ್‌ಗೆ, ಅಂದರೆ ಸಿಸ್ಟಮ್ಮಿನ ಯಜಮಾನನಿಗೆ ಸೇರಿದ್ದು; ಆ ಅಧಿಕಾರ ಕೊಡೋದೇ ಸುಡೊ.

ಫೈಲ್ ಹೊಸದೇ ಇದ್ದು, ಆದರೂ ಸದ್ದು ಬರದಿದ್ದರೆ? ಬೂಟ್ ಆದಮೇಲೆ ಸ್ಟೋರ್ ಬದಲು ರಿಸ್ಟೋರ್ ಅಂತ ನೀವೇ ಕೊಟ್ಟು ನೋಡಿ. ಇಡೀ ವಿಡಿಯೋದಲ್ಲಿ ನನಗೆ ಜಾಸ್ತಿ ಇಷ್ಟವಾದ ಪರೀಕ್ಷೆ ಇದು. ಬೂಟ್ ಹೊತ್ತಿಗೆ ಸೇವೆಗಳನ್ನು ಶುರುಮಾಡೋ ಸಿಸ್ಟಮ್‌ಡಿಯಲ್ಲಿ, ಈ ರಿಸ್ಟೋರ್ ಕೆಲಸ ಮಾಡೋ ಅಲ್ಸಾ-ರಿಸ್ಟೋರ್ ಸರ್ವೀಸ್ ಹಸಿರು ಬಣ್ಣದಲ್ಲಿದೆ ಅಂತ ನಂಬಿ ಕೂರಬೇಡಿ. ಎಷ್ಟೋ ಡಿಸ್ಟ್ರೋಗಳಲ್ಲಿ, ಅಂದರೆ ಲಿನಕ್ಸಿನ ಬೇರೆಬೇರೆ ರೂಪಗಳಲ್ಲಿ, ಕಮಾಂಡ್ ಸೋತರೂ ಅದು ಹಸಿರಾಗೇ ಇರುತ್ತದೆ.

ಕೈಯಿಂದ ಕೊಟ್ಟಾಗ ಸದ್ದು ಬಂತಾ? ಹಾಗಾದರೆ ಫೈಲ್ ಸರಿಯಿದೆ. ಬೂಟ್ ಹೊತ್ತಿನ ರಿಸ್ಟೋರ್ ಸೋತಿರಬಹುದು, ಇಲ್ಲವೇ ಲಾಗಿನ್ ಆದಮೇಲೆ ಬೇರೆ ಯಾವುದೋ ಪ್ರೋಗ್ರಾಂ ನಿಮ್ಮ ಸೆಟ್ಟಿಂಗ್ ಮೇಲೆ ಕೈಯಾಡಿಸುತ್ತಿರಬಹುದು. ಪೈಪ್‌ವೈರ್ ಇದ್ದರೆ ಮೊದಲ ಅನುಮಾನ ಅದರ ಮೇಲ್ವಿಚಾರಕ ವೈರ್‌ಪ್ಲಂಬರ್ ಮೇಲೆ. ಅದು ತನ್ನದೇ ಲೆಕ್ಕವನ್ನು ನಿಮ್ಮ ಹೋಮ್ ಫೋಲ್ಡರಿನ ಡಾಟ್ ಲೋಕಲ್, ಸ್ಟೇಟ್ ಒಳಗೆ ವೈರ್‌ಪ್ಲಂಬರ್ ಅನ್ನೋ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ವೈರ್‌ಪ್ಲಂಬರ್ ನಿಲ್ಲಿಸಿ, ಆ ವೈರ್‌ಪ್ಲಂಬರ್ ಫೋಲ್ಡರಿಗೆ ಮಾತ್ರ ಬೇರೆ ಹೆಸರಿಟ್ಟು, ಮತ್ತೆ ಶುರುಮಾಡಿ.

ರಿಸ್ಟೋರ್ ಕೊಟ್ಟಾಗ ಎರರ್ ಬಂದರೆ ಕಾರ್ಡ್ ಅಥವಾ ಅದರ ಹೆಸರು ಬದಲಾಗಿರಬಹುದು. ಫೈಲಿನಲ್ಲಿ ಲೆಕ್ಕ ಇರೋದು ಕಾರ್ಡಿನ ಹೆಸರಿನ ಮೇಲೆ. ಹಳೇ ಫೈಲನ್ನು ಪಕ್ಕಕ್ಕಿಟ್ಟು, ಕಂಬಗಳನ್ನು ಮತ್ತೆ ಸರಿಮಾಡಿ, ಸ್ಟೋರ್ ಕೊಡಿ. ಆಮೇಲೆ ಒಂದು ಸಲ ರೀಬೂಟ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ.